ರಂಗನತಿಟ್ಟಿನ ದೋಣಿ, ಯಾರ್ಕ್‌ಷೈರಿನ ಬಂದೂಕು

ರಂಗನತಿಟ್ಟಿನ ದೋಣಿ ಸವಾರಿಗೆ ಹೋಗುವುದಾದರೆ ವಾರದ ನಡುವೆ ಹೋಗಿ, ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೇ ಅಲ್ಲಿರಿ. ಮೈಸೂರಿನಿಂದ 18 ಕಿಲೋಮೀಟರಿನ ಆಸುಪಾಸು, ಶ್ರೀರಂಗಪಟ್ಟಣದಿಂದ ಮೂರು-ನಾಲ್ಕು. ಪ್ರವೇಶದ ಟಿಕೆಟ್ ಬೇರೆ, ದೋಣಿಯ ಟಿಕೆಟ್ ಬೇರೆ. ದರ ಆಗಾಗ ಬದಲಾಗುತ್ತದೆ, ಕೌಂಟರಿನ ಬೋರ್ಡು ನೋಡಿಕೊಳ್ಳಿ. ದೋಣಿ ಅರಣ್ಯ ಇಲಾಖೆಯದು, ಹುಟ್ಟು ಹಾಕುವವರೇ ಗೈಡು. ಎಲ್ಲರೂ ಒಟ್ಟಿಗೆ ಕೂರುವ ಮಾಮೂಲಿ ಸುತ್ತು ಹದಿನೈದು-ಇಪ್ಪತ್ತು ನಿಮಿಷ. ಕ್ಯಾಮೆರಾದವರಿಗೆ ಹೆಚ್ಚು ಹೊತ್ತಿನ ಬೇರೆ ದೋಣಿಯೂ ಉಂಟು.

ನಮ್ಮ ಸೀಮೆಯಲ್ಲಿ ಇಷ್ಟು ಸಣ್ಣ ಸುತ್ತಿಗೆ ಇಷ್ಟು ಹಕ್ಕಿ ಕಾಣಿಸುವ ಸೇವೆ ಇನ್ನೊಂದಿಲ್ಲ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645-48ರ ನಡುವೆ, ಕಾವೇರಿಗೆ ಅಡ್ಡವಾಗಿ ಕಟ್ಟಿದ ಒಡ್ಡಿನಿಂದ ಆದ ತಿಟ್ಟುಗಳಿವು. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿನ ಗೂಡುಗಳನ್ನು ಕಂಡು ಒತ್ತಾಯಿಸಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿತು. ಪಕ್ಷಿಧಾಮದ ವಿಸ್ತೀರ್ಣ ಒಂದು ಚದರ ಕಿಲೋಮೀಟರೂ ಇಲ್ಲ, 0.67 ಅಷ್ಟೆ. ಅಷ್ಟರಲ್ಲೇ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ, ಹಾವಕ್ಕಿ, ನೀರುಕಾಗೆ, ಕೆಂಬರಲು ಎಲ್ಲವೂ ಗೂಡು ಕಟ್ಟುತ್ತವೆ.

ಈ ಸೇವೆಯನ್ನು ಅಳೆಯಲು ನಾವು ಪಕ್ಕದಲ್ಲಿ ಇಟ್ಟುಕೊಂಡಿರುವುದು ಬ್ರಿಟನ್ನಿನ ಇನ್ನೊಂದು ಸೇವೆಯನ್ನು, ಯಾರ್ಕ್‌ಷೈರಿನಂಥ ಕಡೆಯ ಗುಡ್ಡಗಳಲ್ಲಿ ರೆಡ್ ಗ್ರೌಸ್ ಎಂಬ ಹಕ್ಕಿಯನ್ನು ಅಟ್ಟಿ ಹೊಡೆಯುವ ಬೇಟೆಯನ್ನು. ಅಲ್ಲೂ ಹಣ ಕೊಟ್ಟು, ದಿನ ಗೊತ್ತುಮಾಡಿಕೊಂಡು, ಗುಂಪುಗುಂಪು ಹಕ್ಕಿ ಕಣ್ಣೆದುರು ಹಾರಿಬರಲಿ ಎಂದು ಕಾಯುತ್ತಾರೆ. ಕೈಯಲ್ಲಿ ದುರ್ಬೀನಿನ ಬದಲು ಬಂದೂಕು. ಅದನ್ನು ನಿಷೇಧಿಸಬೇಕೆಂಬ ಅರ್ಜಿಯ ಮೇಲೆ ಬ್ರಿಟಿಷ್ ಸಂಸತ್ತಿನಲ್ಲಿ 2016, 2021 ಮತ್ತು 2025ರಲ್ಲಿ ಚರ್ಚೆ ನಡೆಯಿತು. ಸರ್ಕಾರ ಪ್ರತಿಸಲವೂ ಒಪ್ಪಲಿಲ್ಲ. 2016ರ ಅರ್ಜಿ ಪಕ್ಷಿ ಸಂರಕ್ಷಕ ಮಾರ್ಕ್ ಏವರಿ ಹಾಕಿದ್ದು, ಸಹಿ ಮಾಡಿದವರು ಲಕ್ಷದ ಇಪ್ಪತ್ತಮೂರು ಸಾವಿರಕ್ಕೂ ಮೇಲೆ. 2025ರದು ಏವರಿ, ಕ್ರಿಸ್ ಪ್ಯಾಕಮ್, ರೂತ್ ಟಿಂಗೇ ಕಟ್ಟಿದ, ವನ್ಯಜೀವಿಗಳ ಪರ ಹೋರಾಡುವ ವೈಲ್ಡ್ ಜಸ್ಟಿಸ್ ಸಂಸ್ಥೆಯದು.

ರೆಡ್ ಗ್ರೌಸ್ ನಮ್ಮ ಗೌಜಲಕ್ಕಿಗೆ ದೂರದ ನೆಂಟ. ಕೆಂಗಂದು ಬಣ್ಣದ, ಗಟ್ಟಿ ಮೈಯ, ನೆಲದಲ್ಲಿ ಗೂಡು ಮಾಡುವ ಹಕ್ಕಿ. ಉತ್ತರ ಇಂಗ್ಲೆಂಡಿನ, ಸ್ಕಾಟ್ಲೆಂಡಿನ ಬೋಳುಗುಡ್ಡಗಳಲ್ಲಿ ಬೆಳೆಯುವ ಹೆದರ್ ಎಂಬ ಕುರುಚಲು ಗಿಡದ ಚಿಗುರೇ ಅದರ ಊಟ. ಬೇಟೆಯ ಕಾಲ ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ. ನಾಯಿಯ ಜೊತೆ ನಡೆದು, ಎದ್ದ ಹಕ್ಕಿಗೆ ಗುಂಡು ಹಾರಿಸುವುದು ಒಂದು ಬಗೆ. ಜಗಳ ಅದರ ಮೇಲಲ್ಲ. ಜನರ ಸಾಲು ಕಟ್ಟಿ ಹಕ್ಕಿಯನ್ನು ಬಂದೂಕಿನ ಕಡೆಗೆ ಅಟ್ಟುವ ಬಗೆಯ ಮೇಲೆ. ನಮ್ಮಲ್ಲಿ ಹಿಂದೆ ಕಾಡು ಸೋವುವುದು ಎನ್ನುತ್ತಿದ್ದರಲ್ಲ, ತಮಟೆ ಬಡಿದು ಪ್ರಾಣಿಯನ್ನು ಒಂದು ದಿಕ್ಕಿಗೆ ನೂಕುವುದು, ಅದೇ ಕ್ರಮ. ಕಾಕನಕೋಟೆಯ ಖೆಡ್ಡಾದಲ್ಲಿ ಆನೆಗಳನ್ನು ಹೀಗೆಯೇ ಅಟ್ಟುತ್ತಿದ್ದರು. 1971ರಲ್ಲಿ ಕೊನೆಯ ಖೆಡ್ಡಾ ಆಯಿತು, ಆ ಜಾಗ ಈಗ ಕಬಿನಿಯ ಹಿನ್ನೀರಿನಲ್ಲಿದೆ.

ಒಂದು ದಿನದ ಗ್ರೌಸ್ ಬೇಟೆ ನಡೆಯುವುದು ಹೀಗೆ. ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಕಲ್ಲು ಅಥವಾ ಹುಲ್ಲುಹೆಂಟೆ ಪೇರಿಸಿ ಎದೆಮಟ್ಟದ ಮರೆಗಳನ್ನು ಕಟ್ಟಿರುತ್ತಾರೆ. ಒಂದರಿಂದ ಇನ್ನೊಂದಕ್ಕೆ ಮೂವತ್ತೈದು-ನಲವತ್ತು ಮೀಟರ್. ಎಂಟು-ಒಂಬತ್ತು ಬೇಟೆಗಾರರು ಒಂದೊಂದು ಮರೆಯಲ್ಲಿ ನಿಲ್ಲುತ್ತಾರೆ. ಕೆಲವರಿಗೆ ಎರಡೆರಡು ಬಂದೂಕು, ಪಕ್ಕದಲ್ಲಿ ತೋಟಾ ತುಂಬಿಕೊಡುವ ಆಳು. ಎದುರಿನ ಗುಡ್ಡದಿಂದ ಇಪ್ಪತ್ತು-ಮೂವತ್ತು ಜನ ಬಾವುಟ ಬೀಸುತ್ತಾ ಸಾಲಾಗಿ ಬರುತ್ತಾರೆ. ಸಾಲಿನ ಎರಡೂ ತುದಿಯಲ್ಲಿ ನಿಂತವರು ಹಕ್ಕಿ ಅಡ್ಡಹಾಯದಂತೆ ಬಾವುಟ ಎತ್ತಿ ತಿರುಗಿಸುತ್ತಾರೆ. ಗ್ರೌಸ್ ನೆಲಕ್ಕೆ ಅಂಟಿದಂತೆ ಹಾರಿ ಮರೆಗಳ ಮೇಲೆ ಹಾಯುತ್ತದೆ. ಅಟ್ಟುವವರು ಗುಂಡಿನ ಅಳತೆಗೆ ಬಂದಾಗ ಕೊಂಬು ಊದುತ್ತಾರೆ. ಆಮೇಲೆ ಮುಂದಕ್ಕೆ ಹಾರಿಸುವಂತಿಲ್ಲ, ಮರೆ ದಾಟಿದ ಹಕ್ಕಿಗೆ ಹಿಂದಕ್ಕೆ ತಿರುಗಿ ಮಾತ್ರ. ದಿನಕ್ಕೆ ನಾಲ್ಕೈದು ಸಲ ಹೀಗೆ. ಹಣದ ಲೆಕ್ಕ ಸತ್ತ ಹಕ್ಕಿಯ ಜೋಡಿಗೆ, ಜೋಡಿಗೆ 150 ಪೌಂಡ್ ದಾಟಿದ ದರ ಮಾಮೂಲಿ. ದಿನಕ್ಕೆ ನೂರು ಜೋಡಿ ಎಂದು ಗೊತ್ತುಮಾಡಿಕೊಂಡರೆ ಹದಿನೈದು ಸಾವಿರ ಪೌಂಡಿನ ಮೇಲಾಯಿತು. 1915ರ ಆಗಸ್ಟ್ 12ರಂದು ಲಂಕಾಷೈರಿನ ಅಬ್ಬೀಸ್ಟೆಡ್ ಗುಡ್ಡದಲ್ಲಿ ಎಂಟು ಬಂದೂಕುಗಳು 2,929 ಹಕ್ಕಿಗಳನ್ನು ಉರುಳಿಸಿದ್ದು ಇಂದಿಗೂ ದಾಖಲೆ.

ದರ ಜೋಡಿಯ ಮೇಲೆ ನಿಂತಿದೆಯಲ್ಲ, ಉಳಿದ ತೊಡಕೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಅಟ್ಟಿ ಹೊಡೆಯುವ ಬೇಟೆ ಗಿಟ್ಟಬೇಕಾದರೆ ಚದರ ಕಿಲೋಮೀಟರಿಗೆ ಅರವತ್ತಾದರೂ ಗ್ರೌಸ್ ಬೇಕು ಎನ್ನುವುದು ಆ ಕಸುಬಿನವರದೇ ಲೆಕ್ಕ. ಗುಡ್ಡವನ್ನು ಅದರ ಪಾಡಿಗೆ ಬಿಟ್ಟರೆ ಅಷ್ಟು ನಿಲ್ಲುವುದಿಲ್ಲ. ಅದಕ್ಕಾಗಿ ಹೆದರ್ ಗಿಡವನ್ನು ತುಂಡುತುಂಡಾಗಿ, ಸರದಿಯ ಮೇಲೆ ಸುಡುತ್ತಾರೆ. ಸುಟ್ಟಲ್ಲಿ ಎಳೆ ಚಿಗುರು ಊಟಕ್ಕೆ, ಸುಡದಲ್ಲಿ ಹಳೆ ಗಿಡ ಮರೆಗೆ. ಆದರೆ ಗಿಡದ ಕೆಳಗಿರುವುದು ಸಾವಿರಾರು ವರ್ಷ ನೀರು ಕುಡಿದು ಕೂತ ಪೀಟ್ ಮಣ್ಣು, ಇಂಗಾಲದ ಕಣಜ. ಅದು ಒಣಗಿದರೆ ಕಣಜ ಸೋರುತ್ತದೆ. ಹೀಗಾಗಿ ಇಂಗ್ಲೆಂಡಿನಲ್ಲಿ 2021ರಲ್ಲಿ ಸಂರಕ್ಷಿತ ಜಾಗಗಳಲ್ಲಿ 40 ಸೆಂಟಿಮೀಟರಿಗಿಂತ ಆಳದ ಪೀಟಿನ ಮೇಲೆ ಪರವಾನಗಿಯಿಲ್ಲದೆ ಸುಡಬಾರದೆಂದು ಮಾಡಿದರು, 2025ರಲ್ಲಿ ಆ ಮಿತಿಯನ್ನು 30 ಸೆಂಟಿಮೀಟರಿಗೆ ಇಳಿಸಿದರು. ಹಕ್ಕಿ ದಟ್ಟವಾದಷ್ಟೂ ಕರುಳಿನ ದಾರಹುಳು ಒಂದರಿಂದೊಂದಕ್ಕೆ ಹರಡುತ್ತದೆ, ಕೆಲವು ವರ್ಷಕ್ಕೊಮ್ಮೆ ಸಂಖ್ಯೆ ಕುಸಿದುಬೀಳುತ್ತದೆ. ಅದನ್ನು ತಡೆಯಲು ಫ್ಲುಬೆಂಡಜೋಲ್ ಔಷಧಿ ಬಳಿದ ಗರಸುಕಲ್ಲನ್ನು ಗುಡ್ಡದ ತುಂಬ ಪೆಟ್ಟಿಗೆಗಳಲ್ಲಿ ಇಡುತ್ತಾರೆ, ಹಕ್ಕಿ ಹೊಟ್ಟೆಯಲ್ಲಿ ಊಟ ಅರೆಯಲು ಬೇಕಾದ ಕಲ್ಲಿನ ಜೊತೆ ಮದ್ದನ್ನೂ ನುಂಗುತ್ತದೆ. ಕಾಡುಹಕ್ಕಿಗೆ ಜಂತುಹುಳುವಿನ ಔಷಧಿ ಕೊಟ್ಟು ಸಾಕುವುದನ್ನು ನಾವು ಕಾಡು ಕಾಯುವುದು ಎನ್ನಲಾರೆವು.

ನಾವು ಈ ಎರಡು ಸೇವೆಗಳಿಗೂ ಕೇಳುವುದು ಒಂದೇ ಪ್ರಶ್ನೆ: ಹಕ್ಕಿ ತಿನ್ನುವ ಪ್ರಾಣಿಯನ್ನು ನಿಮ್ಮ ಪುಸ್ತಕದಲ್ಲಿ ಜಮೆಗೆ ಬರೆಯುತ್ತೀರೋ, ಖರ್ಚಿಗೆ ಬರೆಯುತ್ತೀರೋ?

ಗ್ರೌಸ್ ಗುಡ್ಡದಲ್ಲಿ ಅದು ಖರ್ಚು. ನರಿ, ಕಾಗೆ, ವೀಸಲ್‌ಗಳನ್ನು ಕೊಲ್ಲಲು ಕಾನೂನಿನ ಒಪ್ಪಿಗೆಯಿದೆ. ಡೇಗೆ, ಹದ್ದುಗಳನ್ನು ಕೊಲ್ಲುವುದು 1954ರಿಂದಲೇ ಅಪರಾಧ, ಆದರೂ ಕೊಲ್ಲುತ್ತಾರೆ. ಹೆನ್ ಹ್ಯಾರಿಯರ್ ಎಂಬ, ಸೆಳೆವ ಜಾತಿಯ ಬೇಟೆಹಕ್ಕಿ ಈ ಜಗಳದ ನಡುವೆ ಸಿಕ್ಕಿಕೊಂಡಿದೆ. ಅದೂ ಹೆದರ್ ನಡುವೆ ನೆಲದಲ್ಲೇ ಗೂಡು ಮಾಡಿ, ಗ್ರೌಸ್ ಮರಿಯನ್ನೂ ಹಿಡಿಯುತ್ತದೆ. ಉಪಗ್ರಹದ ಟ್ಯಾಗ್ ಕಟ್ಟಿದ 58 ಹ್ಯಾರಿಯರ್‌ಗಳ ಜಾಡು ಹಿಡಿದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 72 ಶೇಕಡಾ ಹಕ್ಕಿಗಳು ಅಕ್ರಮವಾಗಿ ಕೊಲ್ಲಲ್ಪಟ್ಟಿದ್ದವು ಅಥವಾ ಹಾಗಾಗಿರುವ ಸಾಧ್ಯತೆಯೇ ಬಲವಾಗಿತ್ತು.

ಬೇಟೆಯ ಕಡೆಯವರ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಸ್ಕಾಟ್ಲೆಂಡಿನ ಲ್ಯಾಂಗಮ್ ಗುಡ್ಡದಲ್ಲಿ 1992ರಿಂದ 1997ರವರೆಗೆ ಹ್ಯಾರಿಯರ್‌ಗೆ ಪೂರಾ ರಕ್ಷಣೆ ಕೊಟ್ಟು ನೋಡಿದರು. ಗೂಡು ಮಾಡುವ ಹೆಣ್ಣುಗಳು ಎರಡರಿಂದ ಇಪ್ಪತ್ತಕ್ಕೆ ಏರಿದವು, ಗ್ರೌಸ್ ಬೇಟೆ ನಿಂತುಹೋಯಿತು. ನರಿ, ಕಾಗೆ ಕೊಲ್ಲುತ್ತಿದ್ದ ಕಾವಲಿನ ಆಳುಗಳೂ ಹೋದರು. ಆಗ ನರಿ, ಕಾಗೆ ಹೆಚ್ಚಾಗಿ ನೆಲಗೂಡಿನ ಹ್ಯಾರಿಯರ್ ಕೂಡ ಮತ್ತೆ ಕುಗ್ಗಿತು. ಉತ್ತರ ಇಂಗ್ಲೆಂಡಿನ ಆಟರ್‌ಬರ್ನ್‌ನಲ್ಲಿ 2000ದಿಂದ 2008ರವರೆಗೆ ನಡೆಸಿದ ಪ್ರಯೋಗದಲ್ಲಿ ನರಿ-ಕಾಗೆ ನಿಯಂತ್ರಿಸಿದ ಕಡೆ ಕರ್ಲ್ಯೂ, ಟಿಟ್ಟಿಭ ಜಾತಿಯ ಹಕ್ಕಿಗಳ ಮರಿ ಬದುಕುವುದು ಮೂರು ಪಟ್ಟಿನಷ್ಟಾಗಿತ್ತು. ಹಳ್ಳಿಗಾಡಿನಲ್ಲಿ ಕಾವಲುಗಾರ, ಬಾವುಟದವ, ಅಡುಗೆಯವರ ಕೂಲಿಯೂ ಇದೆ. ಹೀಗಾಗಿ ಪೂರ್ತಿ ನಿಷೇಧ ಬೇಡ, ಪರವಾನಗಿ ಇರಲಿ ಎನ್ನುವ ನಡುದಾರಿ ಹುಟ್ಟಿತು. ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯ ನಿಲುವು ಅದೇ. ಸ್ಕಾಟ್ಲೆಂಡ್ 2024ರಲ್ಲಿ ಅದನ್ನೇ ಕಾನೂನು ಮಾಡಿತು: ಗ್ರೌಸ್ ಹೊಡೆಯಲು ಗುಡ್ಡಕ್ಕೆ ಪರವಾನಗಿ ಬೇಕು, ಡೇಗೆ ಕೊಂದರೆ ಅದನ್ನು ಕಿತ್ತುಕೊಳ್ಳಬಹುದು.

ನಮ್ಮ ಮಾತು ನಿಷೇಧದ ಕಡೆಗೇ. ಪರವಾನಗಿ ಕೊಟ್ಟರೂ ದರ ಜೋಡಿಯ ಮೇಲೇ ಇರುತ್ತದೆ. ಹತ್ತಾರು ಚದರ ಕಿಲೋಮೀಟರ್ ನಿರ್ಜನ ಗುಡ್ಡದಲ್ಲಿ ಒಂದು ಹ್ಯಾರಿಯರ್ ಸತ್ತರೆ ನೋಡುವವರಿಲ್ಲ. ಕಾವಲುಗಾರನ ಕೂಲಿ ಉಳಿಸುವ ದಾರಿ ಬಂದೂಕು ಒಂದೇ ಅಲ್ಲ ಎನ್ನುವುದಕ್ಕೆ ಅದೇ ಲ್ಯಾಂಗಮ್ ಸಾಕ್ಷಿ. 2021-22ರಲ್ಲಿ ಊರಿನವರೇ ಚಂದಾ ಎತ್ತಿ ಗುಡ್ಡ ಕೊಂಡು ಟಾರಸ್ ವ್ಯಾಲಿ ಸಂರಕ್ಷಿತ ತಾಣ ಮಾಡಿಕೊಂಡರು.

ಈಗ ರಂಗನತಿಟ್ಟಿನ ಪುಸ್ತಕ ತೆಗೆಯಿರಿ. ಇಲ್ಲಿ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಜಮೆಯ ಕಡೆಗಿದೆ. ಸುತ್ತಲಿನ ನೀರು, ಆ ನೀರಿನ ಮೊಸಳೆ ಎರಡೂ ಸೇರಿ ನರಿ, ಕಾಡುಬೆಕ್ಕು ಈಜಿ ಬಂದು ಗೂಡಿಗೆ ಕೈಹಾಕುವುದನ್ನು ಕಷ್ಟ ಮಾಡುತ್ತವೆ. ಗೂಡಿನಿಂದ ಬಿದ್ದ ಮರಿ ಮೊಸಳೆಗೆ ಹೋಗುತ್ತದೆ, ಅದು ಆ ಕಾವಲಿನ ಸಂಬಳ ಎಂದುಕೊಳ್ಳಿ. ಟಿಕೆಟ್ ದರ ತಲೆಗೆ, ಹಕ್ಕಿಗಲ್ಲ. ಸಂಖ್ಯೆ ಒಂದು ವರ್ಷ ತಗ್ಗಿದರೂ ದೋಣಿ ನಡೆಯುತ್ತದೆ, ಯಾರನ್ನೂ ಕೊಂದು ಸಂಖ್ಯೆ ಏರಿಸಬೇಕಾಗಿಲ್ಲ.

ಆದರೆ ಕುಂದುಗಳಿವೆ. ಜನ ತುಂಬಿದ ದಿನ ದೋಣಿ ಗೂಡಿನ ಮರಕ್ಕೆ ತೀರಾ ಒತ್ತಿ ನಿಲ್ಲುವುದು ಮೊದಲನೆಯದು. ಮೊಬೈಲಿನಲ್ಲಿ ದೊಡ್ಡದಾಗಿ ಬರಲಿ ಎಂದು ಪ್ರಯಾಣಿಕರೇ ಒತ್ತಾಯಿಸುತ್ತಾರೆ. ಹಕ್ಕಿ ಮೊದಲು ಕತ್ತು ನೀಳ ಮಾಡುತ್ತದೆ, ಆಮೇಲೆ ಗೂಡಿನಲ್ಲಿ ಎದ್ದು ನಿಲ್ಲುತ್ತದೆ, ಆಮೇಲೆ ಅರೆರೆಕ್ಕೆ ಬಿಚ್ಚುತ್ತದೆ. ಎದ್ದು ನಿಂತಾಗಲೇ ‘ಅಣ್ಣಾ, ಸ್ವಲ್ಪ ಹಿಂದಕ್ಕೆ ತಗೊಳ್ಳಿ’ ಎನ್ನಬೇಕು. ಮಾರ್ಚ್-ಏಪ್ರಿಲ್ ಮಧ್ಯಾಹ್ನ ಬಣ್ಣದ ಕೊಕ್ಕರೆ ರೆಕ್ಕೆ ಹರಡಿ ಮರಿಗೆ ನೆರಳು ಹಿಡಿದಿರುತ್ತದೆ. ಅದು ಹಾರಿಹೋದರೆ ರೋಮವಿಲ್ಲದ ಮರಿ ಬಿಸಿಲಿಗೆ ಬೇಯುತ್ತದೆ, ಅಷ್ಟರಲ್ಲಿ ಕಾಗೆ-ಹದ್ದು ಮೊಟ್ಟೆಗೆ ಇಳಿಯುತ್ತವೆ. ಎರಡನೆಯದು ನೀರು. ನದಿ ರೀವ (ರಿವರ್ ಟರ್ನ್) ಎಂಬ ಹಕ್ಕಿ ಬೇಸಿಗೆಯಲ್ಲಿ ಬರಿ ಬಂಡೆಯ ಮೇಲೇ ಮೊಟ್ಟೆಯಿಡುತ್ತದೆ. ಕನ್ನಂಬಾಡಿಯಿಂದ ತಟ್ಟನೆ ನೀರು ಬಿಟ್ಟರೆ ಕೊಚ್ಚಿಹೋಗುತ್ತದೆ. ಜುಲೈ-ಆಗಸ್ಟಿನಲ್ಲಿ ಹೊರಹರಿವು ಹೆಚ್ಚಿದರೆ ತಗ್ಗಿನ ಗೂಡೂ ಮುಳುಗುತ್ತವೆ, ದೋಣಿಯೂ ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಹಾಗಾಗಿತ್ತು. ಆ ತಿಂಗಳು ಹೊರಡುವ ಮೊದಲು ಅಣೆಕಟ್ಟೆಯ ನೀರಿನ ಸುದ್ದಿ ನೋಡಿಕೊಳ್ಳಿ.

ಸಲಕರಣೆ ವಿಷಯಕ್ಕೆ ಬಂದರೆ, ದುರ್ಬೀನು 8x42 ಸಾಕು. ತೇಲುವ ದೋಣಿಯಲ್ಲಿ 10x ಹಿಡಿದರೆ ಹಕ್ಕಿಗಿಂತ ಅಲುಗಾಟವೇ ಹೆಚ್ಚು ಕಾಣುತ್ತದೆ. ಟ್ರೈಪಾಡ್ ತರಬೇಡಿ, ಹುಟ್ಟಿನ ಪ್ರತಿ ಎಳೆತವೂ ಅದರ ಕಾಲಿನಿಂದ ಲೆನ್ಸಿಗೆ ಏರುತ್ತದೆ. 100-400 ಲೆನ್ಸನ್ನು ಕೈಯಲ್ಲೇ ಹಿಡಿದು, ಶಟರ್ 1/1000ಕ್ಕಿಂತ ಕೆಳಗಿಳಿಸದೆ ತೆಗೆಯಿರಿ. ಕೈಯನ್ನು ಅಂಚಿನಿಂದ ಹೊರಗೆ ಚಾಚಬೇಡಿ, ಮಕ್ಕಳನ್ನು ಒಳಸಾಲಿನಲ್ಲಿ ಕೂರಿಸಿ. ಗೂಡಿನ ಗದ್ದಲ ಬೇಕಾದರೆ ಫೆಬ್ರವರಿಯಿಂದ ಜೂನ್, ವಲಸೆ ಹಕ್ಕಿ ಬೇಕಾದರೆ ಡಿಸೆಂಬರ್-ಜನವರಿ.

ಭೂಮಿಯ ಒಡೆಯನಿಗೆ ಹಕ್ಕಿಯಿಂದ ಏನು ಸಿಗಬೇಕು ಎಂಬ ಗ್ರೌಸ್ ಗುಡ್ಡದ ಪ್ರಶ್ನೆಗೆ ಮಂಡ್ಯ ಜಿಲ್ಲೆಯಲ್ಲೇ ಒಂದು ಉತ್ತರವಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಮನೆಯಂಗಳದ ಹುಣಸೆಮರದಲ್ಲಿ ಗೂಡು ಕಟ್ಟುತ್ತವೆ. ಹಿಕ್ಕೆ ಬಿದ್ದು ಹುಣಸೆ ಫಸಲು ಕೆಡುತ್ತದೆ. ಆ ನಷ್ಟಕ್ಕೆ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಎತ್ತಿ ಸಾಕಿ ಬಿಟ್ಟಿದ್ದಾರೆ. 2007ರಲ್ಲಿ ಅದು ಸಮುದಾಯ ಮೀಸಲು ಎನಿಸಿತು. ಪರಿಹಾರ ತಡವಾದರೆ, ಮರದ ಬೆಲೆಗೆ ಸಾಲದಿದ್ದರೆ ಮರ ಕೊಡಲಿಗೆ ಹೋಗುತ್ತದೆ. ಆದ್ದರಿಂದ ಆ ಹಣ ಹೊತ್ತಿಗೆ ಸರಿಯಾಗಿ ಬರಲೇಬೇಕು. ಆದರೂ ಇಲ್ಲಿ ಹಣ ಬರುವುದು ಬದುಕಿರುವ ಹಕ್ಕಿಯ ಲೆಕ್ಕಕ್ಕೆ.

ಹ್ಯಾರಿಯರ್ ಎಂದರೆ ಹೇಗಿರುತ್ತದೆಂದು ನೋಡಬೇಕಾದರೆ ಬ್ರಿಟನ್ನಿಗೆ ಹೋಗಬೇಕಿಲ್ಲ. ಅದರ ದಾಯಾದಿ ಜೌಗು ಸೆಳೆವ ಚಳಿಗಾಲಕ್ಕೆ ನಮ್ಮ ಕೆರೆಗಳಿಗೇ ಬರುತ್ತದೆ. ದೋಣಿ ಮುಗಿಸಿ ಊರಿಗೆ ಹಿಂದಿರುಗುವಾಗ, ನವೆಂಬರಿನಿಂದ ಮಾರ್ಚಿಯವರೆಗೆ, ಸಂಜೆ ನಾಲ್ಕರ ಮೇಲೆ ಜೊಂಡು ತುಂಬಿದ ಯಾವುದಾದರೂ ಕೆರೆಯ ಏರಿಯ ಮೇಲೆ ಅರ್ಧಗಂಟೆ ನಿಲ್ಲಿ. ರೆಕ್ಕೆಗಳನ್ನು ಮೇಲಕ್ಕೆ ಇಂಗ್ಲಿಷಿನ ವಿ ಅಕ್ಷರದಂತೆ ಹಿಡಿದು, ಜೊಂಡಿನ ತುದಿಗೆ ತಾಗುವಷ್ಟು ತಗ್ಗಿನಲ್ಲಿ, ತಲೆ ತಗ್ಗಿಸಿ ಹುಡುಕುತ್ತಾ ತೇಲುವ ಕಂದು ಹಕ್ಕಿ ಅದು. ಕೆರೆಯ ಬಾತುಗಳು ಒಮ್ಮೆಗೇ ಎದ್ದರೆ ಅದು ಬಂತೆಂದೇ ಅರ್ಥ.