ಎರಡು ಡಬ್ಬಿಯ ಎಚ್ ಪ್ರೈಮರ್: ಮಲ್ಪೆಯ ಉಪ್ಪುಗಾಳಿಯಲ್ಲಿ ಮೂರು ಮಳೆಗಾಲ

ಬೈಕಿನ ಎರಡೂ ಬದಿಗೆಂದು ಅಲ್ಯೂಮಿನಿಯಂ ತಗಡಿನಿಂದ ನಾನೇ ಕಟ್ಟಿದ ಪೆಟ್ಟಿಗೆಗಳಿಗೆ ಮೊದಲು, ಅಂಗಡಿಯವರ ಮಾತು ನಂಬಿ, ಕಬ್ಬಿಣದ ಗೇಟಿಗೆ ಬಳಿಯುವ ರೆಡ್ ಆಕ್ಸೈಡನ್ನೇ ಹೊಡೆದಿದ್ದೆ. ಆಟಿ ತಿಂಗಳು (ತುಳುನಾಡಿನ ಜುಲೈ-ಆಗಸ್ಟ್ ಮಳೆಯ ತಿಂಗಳು) ಮುಗಿಯುವ ಮೊದಲೇ ಬಣ್ಣ ಉಗುರಿಗೆ ಸುಲಿದು ಬಂದಿತು. ಅದನ್ನೆಲ್ಲ ಕೆರೆದು ತೆಗೆದು ಬಳಸಿದ ಎಚ್ ಪ್ರೈಮರ್ (etch, ಅಂದರೆ ಲೋಹದ ಮೈಯನ್ನು ಆಮ್ಲದಿಂದ ಕೊರೆದು ಹಿಡಿಯುವ, ಎರಡು ಡಬ್ಬಿ ಬೆರೆಸಿ ಹೊಡೆಯುವ ತಳಬಣ್ಣ) ಬಗ್ಗೆ, ಮೂರು ಮಳೆಗಾಲದ ನಂತರ, ಈ ವಿಮರ್ಶೆ.

ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡೊಡನೆ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ಅದು ಲೋಹವನ್ನು ಕಾಯುತ್ತದೆಯೇ ಹೊರತು ಬಣ್ಣಕ್ಕೆ ಹಿಡಿತ ಕೊಡುವುದಿಲ್ಲ. ಈ ಪ್ರೈಮರಿನ ಎರಡನೆಯ ಡಬ್ಬಿಯಲ್ಲಿರುವ ಫಾಸ್ಫಾರಿಕ್ ಆಮ್ಲ ಆ ಪದರವನ್ನು ಕೊರೆದು ಹಿಡಿತ ಒದಗಿಸುತ್ತದೆ. ಆದರೆ ಎಣ್ಣೆಯ ಮೇಲೆ ಆಮ್ಲದ ಆಟ ನಡೆಯದು. ಆದ್ದರಿಂದ ಮೊದಲು ಅಸಿಟೋನಿನಿಂದ ಒರೆಸಿ, ಅನಂತರವೇ 320ರ ಸ್ಯಾಂಡ್‌ಪೇಪರಿನಿಂದ ಉಜ್ಜಬೇಕು. ಹಿಂದುಮುಂದಾದರೆ ಜಿಡ್ಡು ಗೀರುಗಳೊಳಗೆ ಕೂರುತ್ತದೆ. ಉಜ್ಜಿದ ಮೇಲೆ ನೀರು ಸುರಿದು ನೋಡುತ್ತೇನೆ: ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿದರೆ ಜಿಡ್ಡು ಉಳಿದಿದೆ, ಹಾಳೆಯಂತೆ ಹರಡಿ ನಿಂತರೆ ತಗಡು ಸಿದ್ಧ. ಕಬ್ಬಿಣದ ತಂತಿಬ್ರಷ್ ಮಾತ್ರ ಬೇಡ, ಅದರ ಚೂರುಗಳು ಮೆತ್ತನೆಯ ಲೋಹದಲ್ಲಿ ಸಿಕ್ಕಿಕೊಂಡು ತುಕ್ಕಿನ ಚುಕ್ಕೆಗಳಾಗುತ್ತವೆ. ತಗಡು ಪೂರ್ತಿ ಒಣಗಿದ ಮೇಲೆ, ಆದರೆ ತಡಮಾಡದೆ, ಒಳಗಿನ ಲೋಹ ಮಸುಕಾಗಿ ಕಾಣುವಷ್ಟೇ ತೆಳುವಾಗಿ ಪ್ರೈಮರ್ ಹೊಡೆಯಬೇಕು. ದಪ್ಪ ಹೊಡೆದ ಒಂದು ಮುಚ್ಚಳದಲ್ಲಿ ಪದರವೇ ಬಿರಿದು, ಅಷ್ಟನ್ನೂ ಮತ್ತೆ ಮಾಡಿದೆ.

ಫಲಿತಾಂಶವೇನು? ಅಗಲವಾದ ಬದಿಗಳಲ್ಲಿ ಇಂದಿಗೂ ಒಂದು ಗುಳ್ಳೆಯೂ ಎದ್ದಿಲ್ಲ. ಸೋತದ್ದು ತೂತುಗಳಲ್ಲಿ. ಎಡಪೆಟ್ಟಿಗೆಗೆ ಬಣ್ಣವಾದ ಮೇಲೆ ತೂತು ಕೊರೆದು ಸ್ಟೇನ್‌ಲೆಸ್ ಸ್ಕ್ರೂ ಹಾಕಿದ್ದೆ. ಎರಡನೆಯ ಮಳೆಗಾಲದಲ್ಲಿ ಅಲ್ಲಿಂದ ಬಣ್ಣದಡಿಯಲ್ಲಿ ಎರೆಹುಳು ತೆವಳಿದಂಥ ಸಣ್ಣ ಗೆರೆಗಳು ಹೊರಟವು. ತೂತು ಕೊರೆದ ಮೇಲೆ ಪ್ರೈಮರ್ ಹೊಡೆದು, ಸ್ಕ್ರೂವಿಗೆ ನೈಲಾನ್ ವಾಷರ್ ಕೊಟ್ಟ ಬಲಪೆಟ್ಟಿಗೆ ಶುಭ್ರವಾಗಿದೆ. ಇದು ಪ್ರೈಮರಿನ ದೋಷವಲ್ಲ, ನನ್ನದು.

ಪ್ರೈಮರಿನ ಮೇಲೆಯೇ ನನಗಿರುವ ದೂರು ಎರಡು. ಬೆರೆಸಿದ್ದು ಅದೇ ದಿನ ಮುಗಿಯಬೇಕಾದ್ದರಿಂದ ಸಣ್ಣ ಕೆಲಸಕ್ಕೆ ವ್ಯರ್ಥವೇ ಹೆಚ್ಚು. ಜೊತೆಗೆ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಪದರ ಬೂದುಬಣ್ಣಕ್ಕೆ ಬಿಳಚಿಕೊಳ್ಳುತ್ತದೆ. ಜುಲೈನಲ್ಲಿ ಹೊಡೆದ ಹಿಡಿಕೆಗಳನ್ನು ಹಾಗಾಗಿ ಪೂರ್ತಿ ಕೆರೆಯಬೇಕಾಯಿತು. ಕರಾವಳಿಯವರು ಕೊಳ್ಳುವುದಾದರೆ ಡಿಸೆಂಬರಿನಲ್ಲಿ ಕೊಂಡು, ಬಿಸಿಲೇರಿದ ಮೇಲೆ, ಹತ್ತು ಗಂಟೆಯ ನಂತರ ಹೊಡೆಯಲಿ.