ಕೂದಲಿನ ಮಾತ್ರೆ ನನ್ನ ಥೈರಾಯ್ಡ್ ರಿಪೋರ್ಟನ್ನೇ ಕೆಡಿಸಿತು

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕೂದಲಿಗೆ ಅಂತ ಬಯೋಟಿನ್ ಕೂಡ ನುಂಗುತ್ತಿದ್ದರೆ ದಯವಿಟ್ಟು ಇದನ್ನು ಓದಿ. ಮುಂದಿನ ಸಲ ರಕ್ತ ಕೊಡುವ ಮೊದಲೇ ಓದಿ. ಇದು ಗೊತ್ತಿಲ್ಲದೆ ನಾನು ಐದು ತಿಂಗಳು ಒದ್ದಾಡಿದ್ದೇನೆ.

ನನಗೆ ಹಾಶಿಮೊಟೊ ಉಂಟು. ನಮ್ಮದೇ ರೋಗನಿರೋಧಕ ಶಕ್ತಿ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಏಳು ವರ್ಷದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಆಮೇಲೆ ಮುಕ್ಕಾಲು ಗಂಟೆ ಕಾಫಿ ಇಲ್ಲ. 50, 75, 88, ಮತ್ತೆ 75 ಅಂತ ಡೋಸ್ ಏರಿಳಿದು, ಕೊನೆಗೆ 100 ಮೈಕ್ರೋಗ್ರಾಂಗೆ ನಿಂತಿತ್ತು. ಎರಡು ವರ್ಷ ನೆಮ್ಮದಿಯಾಗಿದ್ದೆ.

ಕಳೆದ ಮಳೆಗಾಲದಲ್ಲಿ ಕೂದಲು ಮುಷ್ಟಿ ಮುಷ್ಟಿ ಉದುರತೊಡಗಿತು. ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಬಯೋಟಿನ್ ಕೊಟ್ಟರು. ನನಗೆ ಥೈರಾಯ್ಡ್ ಉಂಟು ಅಂತಲೂ ಹೇಳಿದೆ. "ಇದು ಬರೀ ವಿಟಮಿನ್ ಮೇಡಂ, ಎಂತ ಆಗ್ಲಿಕ್ಕಿಲ್ಲ" ಅಂದರು. ಒಂದೊಂದು ಮಾತ್ರೆಯಲ್ಲಿ 10 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ ಸಾಕಾಗುವುದು ಸುಮಾರು 30 ಮೈಕ್ರೋಗ್ರಾಂ. ಅದರ ಮುನ್ನೂರು ಪಟ್ಟಿಗಿಂತ ಜಾಸ್ತಿ ನಾನು ದಿನಾ ನುಂಗುತ್ತಿದ್ದೆ.

ನವೆಂಬರಿನಲ್ಲಿ ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅಂತ ಮಿದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನ್) 0.06 ಬಂತು. ಥೈರಾಯ್ಡಿನ ಸ್ವಂತ ಹಾರ್ಮೋನ್ ಟಿ4 ಮೇಲೆ ಹೋಗಿತ್ತು. ಟಿಎಸ್‌ಎಚ್ ಇಳಿದರೆ ಸಾಮಾನ್ಯವಾಗಿ ದೇಹದಲ್ಲಿ ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾಗಿದೆ ಅಂತ ಅರ್ಥ. ಹಾಗಾಗಿ ಡಾಕ್ಟರು ಡೋಸ್ 75ಕ್ಕೆ ಇಳಿಸಿದರು. ಬೇರೆ ಏನಾದರೂ ಔಷಧಿ ಉಂಟಾ ಅಂತ ಕೇಳಿದ್ದರು. ಇಲ್ಲ ಅಂದೆ. ವಿಟಮಿನ್ ಕೂಡ ಹೇಳಬೇಕಾದ ವಿಷಯ ಅಂತ ನನಗೆ ಹೊಳೆಯಲೇ ಇಲ್ಲ. ಜನವರಿಯಲ್ಲಿ 0.09. ಡೋಸ್ 50ಕ್ಕೆ ಇಳಿಯಿತು.

ರಿಪೋರ್ಟ್ ಒಂದು ಹೇಳುತ್ತಿತ್ತು, ಮೈ ಇನ್ನೊಂದು. ಮಾರ್ಚ್ ತಿಂಗಳ ಮಂಗಳೂರು ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ? ಮನೆಯವರೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ನಾನು ಫ್ಯಾನ್ ಬೇಡ ಅಂತ ಹೊದ್ದು ಮಲಗುತ್ತಿದ್ದೆ. ಮಲಬದ್ಧತೆ, ಮೈಕೈ ನೋವು. ಪಾಠ ಮಾಡುವಾಗ ಸ್ವರ ದಪ್ಪವಾಗಿ ಒಡೆಯುತ್ತಿತ್ತು. ಸುರತ್ಕಲ್‌ನಿಂದ ಬಸ್ಸಿನಲ್ಲಿ ಕೂತು ಲಾಲ್‌ಬಾಗ್‌ನಲ್ಲಿ ಇಳಿಯಬೇಕಾದವಳು, ಸ್ಟೇಟ್‌ಬ್ಯಾಂಕಿನಲ್ಲಿ ಕಂಡಕ್ಟರ್ ಎಬ್ಬಿಸಿದ ಮೇಲೆ ಎದ್ದದ್ದುಂಟು. ಅತ್ತಿಗೆ ಉಡುಪಿಯಿಂದ ಬಂದವರು ನೋಡಿದ ಕೂಡಲೇ, "ಎಂತ ಮಾರಾಯ್ತಿ, ನಿನ್ನ ಮುಖ ಇಷ್ಟು ಬಾತುಕೊಂಡಿದೆ?" ಅಂತ ಗಾಬರಿಯಾದರು. ಕೂದಲಂತೂ ಮೊದಲಿಗಿಂತ ಜಾಸ್ತಿ ಉದುರುತ್ತಿತ್ತು. ಅದಕ್ಕೆಂದೇ ನಾನು ಬಯೋಟಿನ್ ಒಂದು ದಿನವೂ ತಪ್ಪಿಸಲಿಲ್ಲ.

ಏಪ್ರಿಲ್‌ನಲ್ಲಿ ಅತ್ತಿಗೆಯೇ ಬೇರೆ ಲ್ಯಾಬಿಗೆ ಕರೆದುಕೊಂಡು ಹೋದರು. ರಕ್ತ ತೆಗೆಯುವ ಹುಡುಗಿ ಸೂಜಿ ಹಿಡಿಯುವ ಮೊದಲು, "ಕೂದಲಿಗೆ, ಉಗುರಿಗೆ ಅಂತ ಮಾತ್ರೆ ತಗೊಳ್ತೀರಾ?" ಅಂತ ಕೇಳಿದಳು. ಹೌದು ಅಂದೆ. "ಹಾಗಾದ್ರೆ ಇವತ್ತು ಬೇಡ. ಅದನ್ನು ನಿಲ್ಲಿಸಿ ಮುಂದಿನ ವಾರ ಬನ್ನಿ" ಅಂದಳು. ಮುಂದಿನ ವಾರ ಟಿಎಸ್‌ಎಚ್ 41 ಬಂತು. ಸಾಮಾನ್ಯವಾಗಿ ಅದು 4ರ ಒಳಗಿರಬೇಕು. ಅಂದರೆ ನನ್ನ ಮೈಯಲ್ಲಿ ಹಾರ್ಮೋನ್ ಜಾಸ್ತಿ ಅಲ್ಲ, ತೀರಾ ಕಡಿಮೆಯಾಗಿತ್ತು.

ಕಾರಣ ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಹಲವು ಲ್ಯಾಬ್ ಯಂತ್ರಗಳು ಹಾರ್ಮೋನನ್ನು ಹಿಡಿದು ಅಳೆಯಲು ಬಯೋಟಿನ್ನನ್ನೇ ಬಳಸುತ್ತವೆ. ನಮ್ಮ ರಕ್ತದಲ್ಲೂ ಬಯೋಟಿನ್ ತುಂಬಿದ್ದರೆ ಲೆಕ್ಕ ತಪ್ಪುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಥೈರಾಯ್ಡ್ ಹಾರ್ಮೋನುಗಳಾದ ಟಿ3 ಮತ್ತು ಟಿ4 ಇರುವುದಕ್ಕಿಂತ ಜಾಸ್ತಿ ಕಾಣಿಸುತ್ತವೆ. ಎಲ್ಲ ಯಂತ್ರಗಳಲ್ಲೂ ಹೀಗಾಗುವುದಿಲ್ಲ. ಆದರೆ ನಮ್ಮ ರಕ್ತ ಯಾವ ಯಂತ್ರಕ್ಕೆ ಹೋಗುತ್ತದೆ ಅಂತ ನಮಗೆ ಹೇಗೆ ಗೊತ್ತಾಗಬೇಕು? 2017ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ತಪ್ಪಾಗಿ ಕಡಿಮೆ ತೋರಿಸಬಹುದು ಅಂತ ಅದರಲ್ಲಿತ್ತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊದಲ ಲ್ಯಾಬಿನಲ್ಲಿ ಊಟ ಆಗಿದೆಯಾ ಅಂತ ಕೇಳುತ್ತಾರೆ. ಅದರ ಜೊತೆ ಈ ಒಂದು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕು?

ನೀವು ಏನು ಮಾಡಬೇಕು ಅಂದರೆ, ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ. ದೊಡ್ಡ ಡೋಸ್ ಆದರೆ ಇನ್ನೂ ಮೊದಲೇ ನಿಲ್ಲಿಸಬೇಕಾಗಬಹುದು, ಡಾಕ್ಟರನ್ನು ಕೇಳಿ. ಕೂದಲಿನ ಗಮ್ಮಿ, ಮಲ್ಟಿವಿಟಮಿನ್‌ಗಳಲ್ಲೂ ಇದು ಇರುತ್ತದೆ. ಡಬ್ಬಿಯ ಹಿಂದೆ ಬಯೋಟಿನ್ ಅಥವಾ ಬಿ7 ಅಂತ ಬರೆದಿದೆಯಾ ನೋಡಿ. ಥೈರಾಯ್ಡ್ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಡೋಸ್ ಬದಲಾಯಿಸಲೂ ಬೇಡಿ. ರಿಪೋರ್ಟಿಗೂ ಮೈಗೂ ತಾಳೆ ಆಗದಿದ್ದರೆ ಡಾಕ್ಟರ ಎದುರು ಸಂಕೋಚ ಬಿಟ್ಟು ಹೇಳಿ. "ಫ್ಯಾನ್ ಹಾಕಿದರೆ ಚಳಿಯಾಗುತ್ತದೆ" ಅಂತ ನಾನು ಜನವರಿಯಲ್ಲೇ ಹೇಳಬಹುದಿತ್ತು.

ಮತ್ತೆ 100ಕ್ಕೆ ಬಂದೆ. ಆದರೆ ಮಾತ್ರೆ ಜಾಸ್ತಿ ಮಾಡಿದ ಕೂಡಲೇ ಮೈ ಸರಿಯಾಗುವುದಿಲ್ಲ. ಆರು ವಾರದ ಮೇಲೆ ಪರೀಕ್ಷೆ ಮಾಡಿದಾಗ ಟಿಎಸ್‌ಎಚ್ 9 ಇತ್ತು. ಸ್ವರ ಮೊದಲಿನ ಹಾಗೆ ಆಗಲು ಜುಲೈ ಬಂತು.

ಮೊನ್ನೆ ಸ್ಟಾಫ್ ರೂಮಿನಲ್ಲಿ ನಮ್ಮ ಕನ್ನಡ ಟೀಚರ್ ಬ್ಯಾಗಿನಿಂದ ಅದೇ ಥರದ ಡಬ್ಬಿ ತೆಗೆದರು. ಅವರಿಗೂ ಥೈರಾಯ್ಡ್ ಉಂಟು, ಮರುದಿನ ಬೆಳಿಗ್ಗೆಯೇ ರಕ್ತ ಪರೀಕ್ಷೆ. ಇಷ್ಟೂ ಕತೆ ಹೇಳಿದೆ. ಅಲ್ಲೇ ಲ್ಯಾಬಿಗೆ ಫೋನ್ ಮಾಡಿ ಒಂದು ವಾರ ಮುಂದೆ ಹಾಕಿಸಿಕೊಂಡರು.