ರೇಷ್ಮೆ ಹುಳು ಮನೆಯ 600 ರೂಪಾಯಿ ರೂಟರ್: ಎರಡು ವರ್ಷ ಬಳಸಿದ ಮೇಲೆ

ಬೆಳಗ್ಗೆ ನಾಲ್ಕೂವರೆಗೆ ಸೊಪ್ಪು ಹಾಕಲು ಹೋದಾಗ ಮೊದಲು ಕತ್ತೆತ್ತಿ ಬಾಗಿಲ ಮೇಲಿನ ರೂಟರ್ ನೋಡುತ್ತೇನೆ. ಹಸಿರು ದೀಪ ಮಿಣುಕುತ್ತಿದ್ದರೆ ಸಮಾಧಾನ. ಆಮೇಲೆ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪುಡಿ ನೀರಲ್ಲಿ ಕಾಲು ಅದ್ದಿ, ಫೋನಲ್ಲಿ ನಾಲ್ಕೂ ಮೂಲೆಯ ಶಾಖ, ತೇವಾಂಶ ನೋಡಿಕೊಂಡು ಒಳಗೆ ಹೋಗುತ್ತೇನೆ. ಎರಡು ವರ್ಷದಿಂದ ಇದೇ ಅಭ್ಯಾಸ.

ನಮ್ಮದು ಶಿಡ್ಲಘಟ್ಟದ ಹತ್ತಿರ. ಒಂದೂವರೆ ಎಕರೆ ಹಿಪ್ಪುನೇರಳೆ, ಶೀಟ್ ಹಾಕಿದ ಹುಳು ಮನೆ. ಕಂಪ್ಯೂಟರ್ ಸೈನ್ಸ್ ಓದಿ ಊರಿಗೆ ವಾಪಸ್ ಬಂದವನು ನಾನು, ಹಾಗಾಗಿ ಸುಮ್ನೆ ಇರಲಾಗಲಿಲ್ಲ. ಯಾರೋ ಮಾರಿದ ಹಳೇ ರೂಟರ್ 600 ರೂಪಾಯಿಗೆ ಸಿಕ್ಕಿತು. ಅದಕ್ಕೆ ರೂಟರ್‌ಗಳಿಗೆಂದೇ ಇರುವ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿ ಹಾಕಿದೆ. ನಾಲ್ಕು ಡಿಎಚ್‌ಟಿ22 ಸೆನ್ಸರ್, ಅವುಗಳ ಮಾತು ಕೇಳಿಸಿಕೊಳ್ಳಲು ರೂಟರ್ ಒಳಗೆ ಮಸ್ಕಿಟೊ ಎಂಬ ಸಾಫ್ಟ್‌ವೇರ್. ಹುಳುವಿಗೆ ಕಂಟಕವಾದ ಊಜಿ ನೊಣ ಬರಬಾರದು ಅಂತ ಕಿಟಕಿಗೆಲ್ಲ ಬಲೆ ಕಟ್ಟಿ, ಒಳಗೆ ನಾನೇ ಸೊಳ್ಳೆ ಸಾಕಿದ ಹಾಗಾಯಿತು. ಶಾಖ 30 ಡಿಗ್ರಿ ದಾಟಿದರೆ ಫೋನಿಗೆ ಸಂದೇಶ ಬರುತ್ತದೆ, ಫ್ಯಾನ್ ತಾನಾಗಿ ಓಡುತ್ತದೆ.

ಮೊದಲ ವರ್ಷ ಒಂದು ದಿನವೂ ತೊಂದರೆ ಕೊಡಲಿಲ್ಲ. ಕಂಡವರಿಗೆಲ್ಲ ಹೊಗಳಿದೆ. ನಮ್ಮ ಕಡೆ ಕರೆಂಟ್ ಸಂಗತಿ ಗೊತ್ತಲ್ಲ, ಅದಕ್ಕೆ ರೂಟರ್‌ಗೆ ಅಂತಲೇ ಒಂದು ಪುಟ್ಟ ಯುಪಿಎಸ್ ತಂದೆ. ಸರಿಯಾಗಿ ಅಲ್ಲಿಂದ ಕಾಟ ಶುರುವಾಯಿತು.

ಐದಾರು ದಿನಕ್ಕೊಮ್ಮೆ ಡಬ್ಬಿ ಅರ್ಧ ಸಾಯುತ್ತಿತ್ತು. ದೀಪ ಉರಿಯುತ್ತದೆ, ಆದರೆ ವೈಫೈ ಇಲ್ಲ, ಸಂದೇಶ ಇಲ್ಲ. ಸ್ವಿಚ್ ಆರಿಸಿ ಹಾಕಿದರೆ ಮತ್ತೆ ಹೊಸ ಮದುಮಗನ ಹಾಗೆ. ಏಪ್ರಿಲ್‌ನಲ್ಲಿ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಎರಡು ದಿನ ಆಗಿತ್ತು. ನಾನು ಬ್ಯಾಂಕ್ ಕೆಲಸಕ್ಕೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ. ಫೋನ್ ತಣ್ಣಗಿದೆ, ಅಂದರೆ ಹುಳು ಮನೆಯೂ ತಣ್ಣಗಿದೆ ಅಂದುಕೊಂಡೆ. ಬಂದು ನೋಡಿದರೆ ಒಳಗೆ 34 ಡಿಗ್ರಿ. ಅಷ್ಟರಲ್ಲಿ ಅಮ್ಮ ಕಿಟಕಿಗೆಲ್ಲ ಒದ್ದೆ ಗೋಣಿಚೀಲ ಕಟ್ಟಿದ್ದರು. "ನಿನ್ನ ಡಬ್ಬಿ ನಿದ್ದೆ ಹೋಗಿತ್ತು ಕಣೋ" ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆ ರಾತ್ರಿಯೇ ಇದನ್ನು ಗುಜರಿಗೆ ಹಾಕುವುದು ಅಂತ ತೀರ್ಮಾನಿಸಿದ್ದೆ. ಮೊದಲ ಅನುಮಾನ ಯುಪಿಎಸ್ ಮೇಲೆ. ಎರಡನೆಯದು ಕರ್ನಲ್ ಮೇಲೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನ ಮೇಲೆ. ಸಾಕ್ಷಿ ಹುಡುಕೋಣ ಅಂದರೆ ಅದೂ ಇಲ್ಲ, ಯಾಕೆಂದರೆ ಇದರ ಲಾಗ್ (ನಡೆದದ್ದನ್ನು ಬರೆದಿಡುವ ದಾಖಲೆ) ಇರುವುದೇ ರ್‍ಯಾಮ್‌ನಲ್ಲಿ. ರೀಸ್ಟಾರ್ಟ್ ಮಾಡಿದರೆ ಎಲ್ಲ ಮಾಯ. ಈ ಡಬ್ಬಿಯ ಮೇಲೆ ನನಗೆ ಇವತ್ತಿಗೂ ಇರುವ ದೊಡ್ಡ ಸಿಟ್ಟು ಇದೇ. ಕೊನೆಗೆ ಹಳೇ ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟು, ಲಾಗ್ ಎಲ್ಲ ಅದಕ್ಕೆ ಹೋಗುವ ಹಾಗೆ ಮಾಡಿ, ತಂತಿ ಎಳೆದು ಕಾದು ಕೂತೆ.

ಆರನೇ ದಿನ ಸಿಕ್ಕಿತು. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಪ್ ಹಾಕಿದರೆ ಮೇಲುಗಡೆ ಚೌಕ ಕಂಸದೊಳಗೆ ಕೆಸ್ವಾಪ್‌ಡಿ0 ಕುಣಿಯುತ್ತಿದೆ. ಇದೇ ಕಳ್ಳ ಅಂತ ಪ್ರೋಗ್ರಾಂ ನಿಲ್ಲಿಸುವ ಕಿಲ್ ಆದೇಶ ಕೊಟ್ಟೆ, ಕಿಲ್ ಮೈನಸ್ ಒಂಬತ್ತೂ ಕೊಟ್ಟೆ. ಜಗ್ಗಲಿಲ್ಲ. ಆ ಕಂಸ ಇದ್ದರೆ ಅದು ಕರ್ನಲ್‌ನದೇ ಕೆಲಸಗಾರ, ನಮ್ಮ ಕಿಲ್‌ಗೆಲ್ಲ ಸಾಯುವುದಿಲ್ಲ. ಅದು ಪಾಪ ಮೆಮೊರಿ ಎಲ್ಲಾದರೂ ಖಾಲಿ ಮಾಡಲಾದೀತೇ ಅಂತ ಮೂಲೆಮೂಲೆ ಕೆದಕುತ್ತಿತ್ತು. ಬೇರೆ ಏನೂ ಸಿಗದಿದ್ದರೆ ಓಡುತ್ತಿರುವ ಪ್ರೋಗ್ರಾಂಗಳ ಪುಟಗಳನ್ನೇ ಎಸೆಯುತ್ತದೆ, ಮರುಕ್ಷಣ ಅವನ್ನೇ ಕಾಯಂ ಸಂಗ್ರಹವಾದ ಫ್ಲ್ಯಾಶ್‌ನಿಂದ ಮತ್ತೆ ಓದಬೇಕಾಗುತ್ತದೆ. ಡಬ್ಬಿ ತೆವಳುವುದು ಅದಕ್ಕೆ.

ಲ್ಯಾಪ್‌ಟಾಪ್‌ನಲ್ಲಿ ಸಾಲು ಬಂತು: ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರಾಸೆಸ್, ಮಸ್ಕಿಟೊ. ಮೆಮೊರಿ ಮುಗಿದು ಕರ್ನಲ್ ಮಸ್ಕಿಟೊವನ್ನು ಕೊಂದಿತ್ತು. ಅದು ಮತ್ತೆ ಎದ್ದಿತು, ಕರ್ನಲ್ ಮತ್ತೆ ಹೊಡೆಯಿತು. ಆಮೇಲೆ ವೈಫೈ ನಡೆಸುವ ಹೋಸ್ಟ್‌ಎಪಿಡಿ ಸರದಿ. ವಿಚಿತ್ರ ಅಂದರೆ ಇಷ್ಟು ಜನರನ್ನು ಕೊಂದರೂ ಜಾಗ ಆಗುತ್ತಿಲ್ಲ. ಪ್ರಾಸೆಸ್ ಪಟ್ಟಿಯಲ್ಲಿ ಯಾರೂ ಅಷ್ಟು ತಿನ್ನುತ್ತಿಲ್ಲ. ಕರ್ನಲ್ ಸೋರುತ್ತಿದೆಯಾ ಅಂತ ಮೆಮ್‌ಇನ್ಫೊದಲ್ಲಿ ಸ್ಲ್ಯಾಬ್ ಲೆಕ್ಕ (ಕರ್ನಲ್ ತನಗೇ ಇಟ್ಟುಕೊಂಡ ಮೆಮೊರಿ) ನೋಡಿದೆ, ಅದು ಇದ್ದಲ್ಲೇ ಇದೆ. ಏರಿದ್ದು ಒಂದೇ ಸಾಲು, ಮೆಮೊರಿಯಲ್ಲಿಟ್ಟ ಫೈಲುಗಳೂ ಲೆಕ್ಕಕ್ಕೆ ಬರುವ ಸಾಲು: ಎಸ್‌ಎಚ್‌ಮೆಮ್.

ಅಲ್ಲಿಗೆ ತಲೆ ಚಚ್ಚಿಕೊಂಡೆ. ಈ ರೂಟರ್‌ನ ಫ್ಲ್ಯಾಶ್ 8 ಎಂಬಿ. ಅದರಲ್ಲಿ ಜಾಗ ಇಲ್ಲ ಅಂತ ಸೆನ್ಸರ್ ಲೆಕ್ಕವನ್ನೆಲ್ಲ ಟಿಎಂಪಿ ಫೋಲ್ಡರ್‌ಗೆ ಬರೆಯುವ ಸ್ಕ್ರಿಪ್ಟ್ ಮಾಡಿದ್ದೆ. ಆ ಫೋಲ್ಡರ್ ಇರುವುದೇ ರ್‍ಯಾಮ್‌ನಲ್ಲಿ! ನಾಲ್ಕು ಸೆನ್ಸರ್, ಹತ್ತು ಸೆಕೆಂಡಿಗೊಮ್ಮೆ, ಸಾಲಿಗೆ ಸುಮಾರು 80 ಬೈಟ್. ದಿನಕ್ಕೆ ಹತ್ತಿರ ಹತ್ತಿರ 2.7 ಎಂಬಿ. ಒಟ್ಟು ರ್‍ಯಾಮ್ 64 ಎಂಬಿ, ಶುರುವಿನಲ್ಲಿ ಖಾಲಿ ಇರುವುದು 16ರ ಆಸುಪಾಸು. ಆರು ದಿನ, ಲೆಕ್ಕ ಸರಿಹೋಯಿತು. ಆ ಫೈಲು ಯಾವ ಪ್ರಾಸೆಸ್‌ನ ಹೆಸರಲ್ಲೂ ಇಲ್ಲ, ಹಾಗಾಗಿ ಯಾರನ್ನು ಕೊಂದರೂ ಅದು ಹೋಗುವುದಿಲ್ಲ. ಮನೆ ತುಂಬಿಸಿದ್ದು ಅಟ್ಟದ ಮೇಲಿನ ಮೂಟೆಗಳು, ಕತ್ತು ಹಿಡಿದು ಆಚೆ ದಬ್ಬಿದ್ದು ದಪ್ಪಗಿರುವ ನೆಂಟನನ್ನು.

ಮೊದಲ ವರ್ಷ ಯಾಕೆ ತೊಂದರೆ ಆಗಲಿಲ್ಲ ಅಂದಿರಾ? ದಿನಾ ಕರೆಂಟ್ ಹೋಗುತ್ತಿತ್ತು. ಹೋದಾಗಲೆಲ್ಲ ಟಿಎಂಪಿ ಗುಡಿಸಿ ಹೋಗುತ್ತಿತ್ತು. ಒಂದು ವರ್ಷ ನನ್ನ ತಪ್ಪನ್ನು ಮುಚ್ಚಿಟ್ಟಿದ್ದು ಪವರ್ ಕಟ್.

ಹಾಗಾಗಿ ಗುಜರಿ ಯೋಚನೆ ಬಿಟ್ಟೆ. ಯುಎಸ್‌ಬಿ ಕಿಂಡಿಗೆ 8 ಜಿಬಿ ಪೆನ್ ಡ್ರೈವ್ ಸಿಕ್ಕಿಸಿ ಲೆಕ್ಕ ಅಲ್ಲಿಗೆ ಹೋಗುವ ಹಾಗೆ ಮಾಡಿದೆ. ಝಡ್‌ರ್‍ಯಾಮ್ ಹಾಕಿದೆ, ಅದು ಮೆಮೊರಿಯಲ್ಲಿರುವುದನ್ನು ಒತ್ತಿ ಚಿಕ್ಕದು ಮಾಡುತ್ತದೆ, ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿತು. ಇನ್ನೊಂದು ಕೆಲಸ ಮಾಡಿದೆ, ನೀವೂ ಮಾಡಿ: ಪ್ಯಾನಿಕ್ ಆನ್ ಊಮ್ ಎಂಬ ಕರ್ನಲ್ ಸೆಟ್ಟಿಂಗನ್ನು 1 ಮಾಡಿ. ಮೆಮೊರಿ ಮುಗಿದರೆ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಕೂರುವ ಬದಲು ಕರ್ನಲ್ ಪ್ಯಾನಿಕ್ ಆಗಿ, ಮೂರು ಸೆಕೆಂಡಲ್ಲಿ ತಾನೇ ರೀಸ್ಟಾರ್ಟ್ ಆಗುತ್ತದೆ. ಕೆಟ್ಟು ನಿಂತ ಡಬ್ಬಿಯನ್ನು ರೀಸ್ಟಾರ್ಟ್ ಮಾಡುವ ಕಾವಲುಗಾರ ವಾಚ್‌ಡಾಗ್ ಇದೆಯಲ್ಲ ಅಂತ ನಂಬಬೇಡಿ. ಅದಕ್ಕೆ ಆಗಾಗ 'ಬದುಕಿದ್ದೇನೆ' ಎಂಬ ಸುದ್ದಿಯ ಅನ್ನ ಹಾಕುವ ಪ್ರಾಕ್‌ಡಿ ಬದುಕಿರುವವರೆಗೂ ನಾಯಿ ಬೊಗಳುವುದಿಲ್ಲ.

ಈಗ ಕೊಳ್ಳುವವರು 128 ಎಂಬಿ ರ್‍ಯಾಮ್ ಇರುವುದನ್ನೇ ನೋಡಿ, ನೂರಿನ್ನೂರು ಜಾಸ್ತಿ ಆದರೂ ಪರವಾಗಿಲ್ಲ. ನನ್ನ ಹತ್ತಿರ ಇರುವುದನ್ನು ನಾನು ಬದಲಿಸುವುದಿಲ್ಲ. ನಿಲ್ಲದೆ ಓಡಿ ಇವತ್ತಿಗೆ 71 ದಿನ. ಪೆನ್ ಡ್ರೈವ್ ತುಂಬಲು ಇದೇ ಲೆಕ್ಕದಲ್ಲಿ ಎಂಟು ವರ್ಷ ಬೇಕು. ಹಳೇ ಸಾಲು ಅಳಿಸುವ ಸ್ಕ್ರಿಪ್ಟ್ ಅಷ್ಟರೊಳಗೆ ಬರೆದರಾಯಿತು ಅಂತ ಇಟ್ಟಿದ್ದೇನೆ.